ಹೆಸರಿನ ಮೇಲೊಂದು ಗೆರೆ

ವಿಶ್ವವಿದ್ಯಾಲಯದ ಹಣಕಾಸು ನೆರವಿನ ಅರ್ಜಿ ಎಂದರೆ ಹನ್ನೊಂದು ಪುಟ. ಹತ್ತು ಪುಟ ನಾನು ತುಂಬಿದ್ದೆ, ಒಂದು ಪುಟ ಅಮ್ಮ ತುಂಬಿದ್ದಳು. ಕೊಕ್ಕೆ ಬಿದ್ದದ್ದು ಆ ಒಂದು ಪುಟದಲ್ಲೇ.

ಕೌಂಟರಿನ ಆಚೆ ಕೂತಿದ್ದ ಗುಮಾಸ್ತರಿಗೆ ನೆಗಡಿಯಾಗಿತ್ತು. ಒಂದು ಕೈಯಲ್ಲಿ ಕರವಸ್ತ್ರ, ಇನ್ನೊಂದರಲ್ಲಿ ನನ್ನ ಅರ್ಜಿ. ಏಳನೇ ಪುಟಕ್ಕೆ ಬಂದಾಗ ಮೂಗು ಒರೆಸುವುದನ್ನೂ ಮರೆತರು.

"ಕುಟುಂಬದ ಸದಸ್ಯರು ನಾಲ್ಕು ಅಂತ ಬರ್ದಿದೆ. ಈ ನಾಲ್ಕನೇವ್ರು ಯಾರಮ್ಮ?"

"ನಮ್ಮಕ್ಕ."

"ಉದ್ಯೋಗ ಅನ್ನೋ ಜಾಗದಲ್ಲಿ ಏನ್ ಬರ್ದಿದಾರೆ ನೋಡಿ. 'ಹೊರಗೆ ಹೋಗಿದ್ದಾಳೆ, ಬರುತ್ತಾಳೆ.' ಇದೂ ಒಂದು ಉದ್ಯೋಗಾನಾ?"

ಹಿಂದೆ ಸಾಲಿನಲ್ಲಿ ನಿಂತಿದ್ದ ಹುಡುಗ ಕಿಸಕ್ಕೆಂದು ನಕ್ಕ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ತಿರುಗಿ ನೋಡಿದ್ದಕ್ಕೆ ಅವನ ನಗು ಅಲ್ಲೇ ಆರಿತು.

"ಎಷ್ಟು ದಿನ ಆಯ್ತು ಹೋಗಿ?" ಎಂದು ಗುಮಾಸ್ತರು ಕೇಳಿದರು.

"ಐದು ವರ್ಷ."

ಅವರು ಕರವಸ್ತ್ರ ಮಡಿಚಿ ಜೇಬಿಗಿಟ್ಟುಕೊಂಡರು. ಒಳ್ಳೆಯ ಮನುಷ್ಯ, ಸುಮ್ಮನೆ ಹೇಳಬಾರದು. "ನೋಡಮ್ಮ, ಮನೇಲಿ ಇಲ್ದೇ ಇರೋರನ್ನ ಲೆಕ್ಕಕ್ಕೆ ಸೇರಿಸ್ಕೊಳ್ಳೋಕಾಗಲ್ಲ. ಮೂರೇ ಜನ ಅಂದ್ರೂ ನಿಮಗೆ ನೆರವು ಸಿಗುತ್ತೆ, ಅದರಲ್ಲೇನೂ ತೊಂದ್ರೆ ಇಲ್ಲ. ಈ ಹೆಸರಿನ ಮೇಲೆ ಒಂದು ಗೆರೆ ಎಳ್ದು ಪಕ್ಕದಲ್ಲಿ ಸಹಿ ಮಾಡಿಸ್ಕೊಂಡು ಬನ್ನಿ. ನಿಮ್ ತಾಯೀದಾದ್ರೂ ಸರಿ, ನಿಮ್ಮಕ್ಕಂದೇ ಆದ್ರೂ ಸರಿ. ಶುಕ್ರವಾರ ಕೊನೇ ದಿನ."

"ಬೇರೆ ಫಾರಂ ಕೊಟ್ಬಿಡಿ ಸಾರ್, ನಾನೇ ಮೂರು ಅಂತ ಬರೀತೀನಿ."

"ಒಬ್ಬರಿಗೆ ಒಂದೇ ಫಾರಂ. ನಂಬರ್ ಇದೆ ನೋಡಿ."

ಅಂದು ಮಂಗಳವಾರ. ನೆರವು ಸಿಕ್ಕದಿದ್ದರೆ ಮುಂದಿನ ಅವಧಿಗೆ ನಾನು ರಸಾಯನಶಾಸ್ತ್ರ ವಿಭಾಗದ ಮೆಟ್ಟಿಲು ಹತ್ತುವಂತಿರಲಿಲ್ಲ. ಇಸ್ತ್ರಿ ಮೇಜಿನ ಮುಂದೆ ನಿಲ್ಲಬೇಕಿತ್ತು, ಅಷ್ಟೇ. ಒಂದು ಗೆರೆ ತಾನೇ, ಅಮ್ಮ ಎರಡು ನಿಮಿಷದಲ್ಲಿ ಎಳೆದು ಕೊಡುತ್ತಾಳೆ ಎಂದುಕೊಂಡು ಬಸ್ಸು ಹತ್ತಿದೆ. ಹೆತ್ತ ತಾಯಿಯ ಬಗ್ಗೆ ನನಗೆ ಎಷ್ಟು ಕಡಿಮೆ ಗೊತ್ತಿತ್ತು!

ನಮ್ಮದು ಲಾಂಡ್ರಿ ಅಂಗಡಿ. ಮುಂದೆ ಕೌಂಟರು, ನಡುವೆ ಇಸ್ತ್ರಿ ಮೇಜು, ಹಿಂದೆ ಒಗೆಯುವ ಯಂತ್ರಗಳು, ಮಹಡಿಯ ಮೇಲೆ ನಾವು. ಅಪ್ಪ ತೀರಿಕೊಂಡ ಮೇಲೆ ಅಂಗಡಿ ಅಮ್ಮನದು. ಅವಳ ಅಣ್ಣ, ಅಂದರೆ ನಮ್ಮ ಮಾವ, ಮದುವೆಯಾಗದೆ ನಮ್ಮ ಜೊತೆಯಲ್ಲೇ ಇದ್ದಾನೆ. ಇಸ್ತ್ರಿ ಅವನ ಕೆಲಸ, ಮಾತು ಅವನ ಚಟ. ಬಟ್ಟೆ ಬಂದ ಕೂಡಲೇ ಅದಕ್ಕೆ ನಂಬರಿನ ಚೀಟಿ ಚುಚ್ಚಿ, ಅದೇ ನಂಬರನ್ನು ಗಿರಾಕಿಯ ಹೆಸರಿನ ಜೊತೆ ದಪ್ಪ ರಿಜಿಸ್ಟರಿನಲ್ಲಿ ಬರೆಯುತ್ತೇವೆ. ಗಿರಾಕಿ ಬಂದಾಗ ತನ್ನ ಹೆಸರಿನ ಮೇಲೆ ತಾನೇ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡಬೇಕು. 'ಈಗ ಹೊತ್ತುಕೊಂಡು ಹೋಗಲಾರೆ, ಮನೆಗೇ ಕಳಿಸಿ' ಎನ್ನುವವರು ಸಹಿಯ ಕೆಳಗೆ ವಿಳಾಸವನ್ನೂ ಬರೆಯುತ್ತಿದ್ದರು. ಅಕ್ಕ ಸೈಕಲ್ಲಿನಲ್ಲಿ ಹೋಗಿ ಕೊಟ್ಟು ಬರುತ್ತಿದ್ದಳು. ಅಕ್ಕ ಹೋದ ಮೇಲೆ ಮನೆಗೆ ತಲುಪಿಸುವುದು ನಿಂತುಹೋಯಿತು.

ಯಾರೂ ಬಂದು ತೆಗೆದುಕೊಳ್ಳದ ಬಟ್ಟೆಗಳಿಗೆ ಗೋಡೆಯ ಪಕ್ಕ ಒಂದು ಕಂಬಿ ಇದೆ. ಬೇರೆ ಅಂಗಡಿಯವರು ಮೂರು ತಿಂಗಳು ನೋಡಿ ಮಾರಿಬಿಡುತ್ತಾರೆ. ಅಮ್ಮ ಮಾರುವುದಿಲ್ಲ, ಹೆಸರನ್ನೂ ಹೊಡೆಯುವುದಿಲ್ಲ. ಯಾರೋ ಪುಣ್ಯಾತ್ಮರ ಕಪ್ಪು ಪ್ಯಾಂಟು ಒಂಬತ್ತು ವರ್ಷದಿಂದ ಅಲ್ಲಿ ನೇತಾಡುತ್ತಿದೆ. ಆ ಕಂಬಿಯ ಕೊನೆಯಲ್ಲಿ ಅಕ್ಕನ ಹಸಿರು ಉಣ್ಣೆ ಕೋಟು, ಚೀಟಿ ನಂಬರು ನಾನೂರ ಹನ್ನೆರಡು. ಅಕ್ಕ ಮನೆ ಬಿಟ್ಟದ್ದು ಕಡುಬೇಸಿಗೆಯಲ್ಲಿ, ಕೋಟು ಉಳಿಯಿತು. ಅಮ್ಮ ಅದಕ್ಕೆ ಚೀಟಿ ಚುಚ್ಚಿ, ಗಿರಾಕಿಗಳ ಬಟ್ಟೆಯ ಜೊತೆ ತೂಗುಹಾಕಿದಳು. ಪ್ರತಿ ವರ್ಷ ಚಳಿ ಶುರುವಾಗುವ ಮೊದಲು ಇಳಿಸಿ, ಬ್ರಷ್ ಮಾಡಿ, ಹಬೆ ಹಿಡಿದು ಮತ್ತೆ ಅಲ್ಲೇ ಹಾಕುತ್ತಾಳೆ.

ಎರಡು ವರ್ಷದ ಹಿಂದೆ ಒಮ್ಮೆ ಅದನ್ನು ಹಾಕಿಕೊಂಡು ಕಾಲೇಜಿಗೆ ಹೊರಟಿದ್ದೆ. "ಬಿಚ್ಚು. ಗಿರಾಕಿ ಬಟ್ಟೆ ಹಾಕ್ಕೋಬಾರ್ದು" ಎಂದಳು ಅಮ್ಮ. ಗಿರಾಕಿಯಂತೆ! ನನಗೆ ಕೋಪ ಬಂತು, ಬಿಚ್ಚುವ ಮೊದಲು ಕಾಲರಿಗೆ ಮೂಗಿಟ್ಟು ನೋಡಿದೆ. ಅಕ್ಕನ ತಲೆಗೂದಲಿನ ವಾಸನೆ ಎಲ್ಲಾದರೂ ಒಂದಿಷ್ಟು ಉಳಿದಿರಬಹುದು ಎಂಬ ಆಸೆ. ಏನೂ ಇರಲಿಲ್ಲ. ನಾವು ನಮ್ಮ ಕೆಲಸವನ್ನು ಅಷ್ಟು ಚೆನ್ನಾಗಿ ಮಾಡುತ್ತೇವೆ.

ಅಮ್ಮ ಏಳನೇ ಪುಟವನ್ನು ಓದಿ ನನಗೇ ವಾಪಸು ಕೊಟ್ಟಳು. "ನಾನು ಎಳೆಯಲ್ಲ."

"ಒಂದು ಗೆರೆ ಅಮ್ಮ."

"ಗೆರೆ ಎಳೆಯೋದು ತಗೊಂಡು ಹೋಗೋರು. ನಾನು ಯಾರ ಹೆಸರನ್ನ ಹೊಡ್ದಿದೀನಿ ಹೇಳು, ಇಷ್ಟು ವರ್ಷದಲ್ಲಿ?"

"ಇದು ನಿನ್ನ ರಿಜಿಸ್ಟರ್ ಅಲ್ಲಮ್ಮ, ಯೂನಿವರ್ಸಿಟಿ ಫಾರಂ! ನಾನೇನು ಅವಳನ್ನ ಸತ್ಲು ಅಂತ ಬರಿ ಅಂದ್ನಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಮ್ಮ ಯಾವುದೋ ಅಂಗಿಯ ಕಾಲರನ್ನು ಉಜ್ಜತೊಡಗಿದಳು, ಅದರಲ್ಲಿ ಕಲೆಯೇ ಇರಲಿಲ್ಲ. ಮಾವ ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ, "ಪ್ರೊಫೆಸರ್, ಬಾಯಿಗೆ ಸ್ವಲ್ಪ ಬೀಗ ಹಾಕು" ಎಂದ. ಕಾಲೇಜು ಸೇರಿದಾಗಿನಿಂದ ನಾನು ಅವನಿಗೆ ಪ್ರೊಫೆಸರ್.

ಅಮ್ಮ ಮೇಲೆ ಹೋದ ಮೇಲೆ ಮಾವ ನನ್ನನ್ನು ಹತ್ತಿರ ಕರೆದ. "ಅವಳ ಕೈಲಿ ಆಗಲ್ಲ ಕಣೇ. ನಿಂಗೆ ಗೊತ್ತಲ್ಲ, ನಿಮ್ಮಕ್ಕಂದೂ ಒಂದು ಫಾರಂ ಇತ್ತು."

ಗೊತ್ತಿತ್ತು. ಆಗ ನನಗೆ ಹದಿಮೂರು. ಅಕ್ಕನಿಗೂ ಇದೇ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು, ಇದೇ ನೆರವಿನ ಅರ್ಜಿ ಅಮ್ಮನ ಸಹಿಗಾಗಿ ಕೌಂಟರಿನ ಮೇಲೆ ಕಾದಿತ್ತು. ಅಪ್ಪ ಹೋಗಿ ವರ್ಷ ತುಂಬಿರಲಿಲ್ಲ. ಯಾವುದೋ ಹೋಟೆಲಿನವರು ಇನ್ನೂರು ಪರದೆ ತಂದು ಸುರಿದಿದ್ದರು. "ನಾಳೆ ಹಾಕ್ತೀನಿ" ಎಂದಳು ಅಮ್ಮ, ಮರುದಿನವೂ ಅದನ್ನೇ ಎಂದಳು. ಮಗಳು ಹೋದರೆ ಅಂಗಡಿ ಉಳಿಯುವುದಿಲ್ಲ ಎಂಬ ಭಯ ಅವಳಿಗೆ; ಬೇಡ ಎನ್ನುವ ಧೈರ್ಯವೂ ಇರಲಿಲ್ಲ. ಕೊನೆಯ ದಿನ ದಾಟಿತು. ಅಕ್ಕ ಕೂಗಾಡಲಿಲ್ಲ. ಇನ್ನೂರು ಪರದೆಗಳನ್ನೂ ಮಡಿಚಿ ಮುಗಿಸಿ, ನಾಲ್ಕನೇ ದಿನ ಚೀಲ ಹಿಡಿದು ಹೊರಟಳು. "ಹೋಗೋರನ್ನ ಕಟ್ಟಿಹಾಕೋಕಾಗುತ್ತಾ" ಎಂದಳು ಅಮ್ಮ, ಅವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಅಂದಿನಿಂದ ಇಬ್ಬರ ನಡುವೆ ಒಂದು ಮಾತಿಲ್ಲ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ಸುಮ್ಮನೆ ಹೇಳುತ್ತಾರೆಯೇ?

ನನ್ನ ಅರ್ಜಿ ಬಂದ ದಿನ ಅಮ್ಮ ಮಾಡಿದ್ದೇನು ಗೊತ್ತೆ? ಊಟವನ್ನೂ ಬಿಟ್ಟು, ಕನ್ನಡಕ ಹುಡುಕಿ, ಹತ್ತು ನಿಮಿಷದಲ್ಲಿ ತನ್ನ ಪುಟ ತುಂಬಿ ಸಹಿ ಹಾಕಿದಳು. ನಾನು ಆಗ ಓದಿ ನೋಡಲಿಲ್ಲ, ನೋಡಬೇಕಿತ್ತು.

ಅಕ್ಕನ ನಂಬರು ನನ್ನ ಬಳಿ ಇತ್ತು. ಎರಡು ಮೂರು ತಿಂಗಳಿಗೊಮ್ಮೆ ಒಂದು ಸಂದೇಶ: 'ಹೇಗಿದೀಯ.' 'ಚೆನ್ನಾಗಿದೀನಿ.' ಅಷ್ಟೇ. ಫೋನು ಕಿಣಿಕ್ ಎಂದಾಗಲೆಲ್ಲ ಅಮ್ಮ ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದಳು, ಯಾರದು ಎಂದು ಮಾತ್ರ ಒಮ್ಮೆಯೂ ಕೇಳಲಿಲ್ಲ. ಬುಧವಾರ ಅಕ್ಕನಿಗೆ ಬರೆದೆ: 'ನಿನ್ನ ಸಹಿ ಬೇಕು. ಅಸಲು ಕಾಗದದ ಮೇಲೆ. ಬರಲಾ?' ಉತ್ತರ ಬರಲು ಅರ್ಧ ದಿನ ಹಿಡಿಯಿತು. 'ಬಾ.'

ಗುರುವಾರ ಬೆಳಿಗ್ಗೆಯ ಬಸ್ಸಿನಲ್ಲಿ ನಾಲ್ಕೂವರೆ ಗಂಟೆಯ ಪ್ರಯಾಣ. ಅಮ್ಮನ ಸಹಿಯನ್ನು ನಾನು ಕಣ್ಣು ಮುಚ್ಚಿಕೊಂಡು ಹಾಕಬಲ್ಲೆ, ಶಾಲೆಯ ಅಂಕಪಟ್ಟಿಗಳ ಮೇಲೆ ಎಷ್ಟು ಸಲ ಹಾಕಿಲ್ಲ! ದಾರಿಯಲ್ಲಿ ಒಮ್ಮೆ ಪೆನ್ನು ತೆಗೆದೆ. ಗೆರೆ ಎಳೆದು, ಸಹಿ ಗೀಚಿ, ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸು ಹೋಗಬಹುದಿತ್ತು. ಕಾಗದದ ಮೇಲೆ ಅಕ್ಕನ ಹೆಸರು, ಅಮ್ಮನ ಅಕ್ಷರದಲ್ಲಿ. ಪೆನ್ನಿನ ಮುಚ್ಚಳ ಹಾಕಿದೆ. ನಿಜ ಹೇಳಬೇಕೆಂದರೆ ನನಗೆ ಸಹಿಗಿಂತ ಹೆಚ್ಚಾಗಿ ಅಕ್ಕ ಬೇಕಾಗಿದ್ದಳು. ಐದು ವರ್ಷದಿಂದ ಒಂದು ನೆಪಕ್ಕಾಗಿ ಕಾಯುತ್ತಿದ್ದೆ, ಆ ನೆಪವನ್ನು ಒಬ್ಬ ನೆಗಡಿಯ ಗುಮಾಸ್ತರು ಕೊಟ್ಟಿದ್ದರು.

ಅಕ್ಕ ಕೆಲಸ ಮಾಡುತ್ತಿದ್ದದ್ದು ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ, ಹಾಸಿಗೆ ಬಟ್ಟೆಗಳ ವಿಭಾಗದಲ್ಲಿ. ಇಸ್ತ್ರಿ ಮೇಜು ಬಿಟ್ಟು ಹೋದವಳು ಸೇರಿದ್ದು ಮತ್ತೆ ಬಟ್ಟೆಯ ರಾಶಿಯನ್ನೇ. ಉದ್ದನೆಯ ಕೋಣೆ, ತಲೆಯ ಮೇಲೆ ಬಿಸಿನೀರಿನ ಕೊಳವೆಗಳು, ಸಾಲಾಗಿ ನಿಂತ ತಳ್ಳುಗಾಡಿಗಳು. ಬಿಳಿ ಚಾದರಗಳ ನಡುವಿನಿಂದ ಅಕ್ಕ ಎದ್ದು ಬಂದಳು. ತೆಳ್ಳಗಾಗಿದ್ದಳು. ಕೂದಲು ಕತ್ತರಿಸಿಕೊಂಡಿದ್ದಳು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಅಯ್ಯೋ, ನನಗಿಂತ ಉದ್ದ ಆಗ್ಬಿಟ್ಟಿದೀಯಲ್ಲೇ" ಎಂದಳು.

ಅಪ್ಪಿಕೊಳ್ಳಬೇಕು ಎಂದುಕೊಂಡೇ ಹೋಗಿದ್ದೆ. ಆಗಲಿಲ್ಲ. ಇಬ್ಬರೂ ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತೆವು.

"ಇನ್ನೂ ಇಪ್ಪತ್ತು ಚಾದರ ಇದೆ. ಹಿಡ್ಕೋ" ಎಂದು ಒಂದರ ಎರಡು ಮೂಲೆಗಳನ್ನು ನನ್ನ ಕೈಗೆ ಕೊಟ್ಟಳು. ಹಿಡಿದೆ. ಚಾದರ ಮಡಿಚುವುದು ಇಬ್ಬರ ಕೆಲಸ: ದೂರ ನಿಂತು ಎಳೆದು ಬಿಗಿ ಮಾಡುವುದು, ಹತ್ತಿರ ಬಂದು ಮೂಲೆಗೆ ಮೂಲೆ ಸೇರಿಸುವುದು, ಮತ್ತೆ ದೂರ ಹೋಗುವುದು. ಚಿಕ್ಕವಳಿದ್ದಾಗ ನನಗೆ ಇದನ್ನು ಕಲಿಸಿದ್ದೇ ಅವಳು. ಪ್ರತಿ ಮಡಿಕೆಗೂ ನಮ್ಮ ಬೆರಳುಗಳು ತಾಗುತ್ತಿದ್ದವು. ಇಪ್ಪತ್ತರ ಬದಲು ಇನ್ನೂರು ಇರಬಾರದಿತ್ತೇ ಎನಿಸಿತು.

"ಮಾವ ಹೇಗಿದಾನೆ?"

"ಬಾಯಿ ಒಂದು ಬಿಟ್ಟು ಎಲ್ಲಾ ಸವೆದಿದೆ."

ನಕ್ಕಳು. ಅಮ್ಮನ ಬಗ್ಗೆ ಕೇಳಲಿಲ್ಲ. ಕೊನೆಯ ಚಾದರ ಮಡಿಚಿದ ಮೇಲೆ ನಾನು ಏಳನೇ ಪುಟವನ್ನು ಅವಳ ಮುಂದಿಟ್ಟೆ. ಓದಿದಳು. ಒಂದು ಸಲ ಓದಿದವಳು ಮತ್ತೆ ಮೊದಲಿನಿಂದ ಓದಿದಳು. 'ಹೊರಗೆ ಹೋಗಿದ್ದಾಳೆ, ಬರುತ್ತಾಳೆ' ಎಂಬಲ್ಲಿ ಅವಳ ಕಣ್ಣು ನಿಂತಿತು.

"ಇದನ್ನ ಅವಳೇ ಬರ್ದಿದ್ದಾ?"

"ಮತ್ತಿನ್ಯಾರು? ಗೆರೆ ಎಳಿ ಅಂದ್ರೆ ಎಳೆಯಲ್ಲ ಅಂತ ಹಟ. ನಾನು ಓದೋದು ಬೇಡ್ವಾ ಹೇಳು."

"ಬಾ ಅಂತ ಒಂದು ಮಾತು ಅಂದಿದ್ರೆ ಬರ್ತಿದ್ದೆ ಕಣೇ" ಎಂದಳು ಅಕ್ಕ, ನನಗಲ್ಲ, ಆ ಕಾಗದಕ್ಕೆ ಹೇಳುವ ಹಾಗೆ. "ಐದು ವರ್ಷ ಕಾದೆ."

"ಅವಳೂ ಅದನ್ನೇ ಹೇಳ್ತಾಳೆ. ಬಂದಿದ್ರೆ ನಾನೇನು ಬಾಗಿಲು ಹಾಕ್ತಿದ್ನಾ ಅಂತ."

ಮೇಲೆ ಕೊಳವೆಯೊಳಗೆ ನೀರು ಗುಳುಗುಳು ಎಂದು ಹರಿಯಿತು.

"ನನ್ನ ಹಸಿರು ಕೋಟು ನೀನು ಹಾಕ್ಕೊಳ್ತಿದೀಯಾ?"

"ಎಲ್ಲಿ? ಗಿರಾಕಿ ಬಟ್ಟೆ ಮುಟ್ಟಬಾರದಂತೆ. ಚೀಟಿ ಚುಚ್ಚಿ ಕಂಬಿಗೆ ಹಾಕಿದಾಳೆ. ನಾನೂರ ಹನ್ನೆರಡು. ವರ್ಷ ವರ್ಷ ಹಬೆ ಹಿಡೀತಾಳೆ."

ಅಕ್ಕ ಆ ಕಡೆ ತಿರುಗಿ ತಳ್ಳುಗಾಡಿಯ ಮೇಲಿನ ಚಾದರಗಳನ್ನು ಸರಿ ಮಾಡಿದಳು. ಅವು ಸರಿಯಾಗಿಯೇ ಇದ್ದವು. ತಿರುಗಿದಾಗ ಕಣ್ಣು ಕೆಂಪಾಗಿತ್ತು. "ಪೆನ್ನು ಕೊಡು. ಒಬ್ಬಳದ್ದು ತಪ್ಪಿದ್ದು ಸಾಕು, ನಿಂದು ತಪ್ಪಬಾರದು."

ಬೇಡ ಎನ್ನಬೇಕೆಂದು ನನ್ನ ನಾಲಿಗೆಯ ತುದಿಗೆ ಬಂತು. ಅನ್ನಲಿಲ್ಲ, ನನಗೆ ಓದಬೇಕಿತ್ತು. ಅಕ್ಕ ತನ್ನ ಹೆಸರಿನ ಮೇಲೆ ನೇರವಾಗಿ ಒಂದು ಗೆರೆ ಎಳೆದಳು. ಪಕ್ಕದಲ್ಲಿ ಸಹಿ ಮಾಡಿದಳು. ಸಾಕಿತ್ತು. ಆದರೆ ಪೆನ್ನು ನಿಲ್ಲಲಿಲ್ಲ. ಸಹಿಯ ಕೆಳಗೆ, ಅಂಚಿನ ಖಾಲಿ ಜಾಗದಲ್ಲಿ, ಚಿಕ್ಕ ಅಕ್ಷರಗಳಲ್ಲಿ ಮನೆ ನಂಬರು, ಬೀದಿ, ಮೂರನೇ ಮಹಡಿ ಎಂದು ಏನೇನೋ ಬರೆದಳು.

"ಏಯ್, ಏನ್ ಮಾಡ್ತಿದೀಯ! ವಿಳಾಸ ಯಾರು ಕೇಳಿದ್ರು? ಗುಮಾಸ್ತ ಮತ್ತೆ ಕೊಕ್ಕೆ ಹಾಕ್ತಾನೆ!"

"ಇರ್ಲಿ ಬಿಡು. ಹಳೇ ಅಭ್ಯಾಸ" ಎಂದಳು.

ವಾಪಸು ಬರುವಾಗ ದಾರಿಯುದ್ದಕ್ಕೂ ಆ ಗೆರೆಯನ್ನು ನೋಡಿದೆ. ಬೇಕಾದದ್ದು ಸಿಕ್ಕಿತ್ತು. ಅಕ್ಕ ನಮ್ಮವಳಲ್ಲ ಎಂದು ಅಕ್ಕನ ಕೈಯಲ್ಲೇ ಬರೆಸಿಕೊಂಡು ಬಂದಿದ್ದೆ. ಪಕ್ಕದ ಸೀಟಿನ ಹೆಂಗಸು "ಯಾಕಮ್ಮ ಅಳ್ತೀಯ, ಪರೀಕ್ಷೇಲಿ ಫೇಲಾ?" ಎಂದು ಕೇಳಿದರು. ಹೌದು ಎಂದೆ.

ಶುಕ್ರವಾರ ಬೆಳಿಗ್ಗೆ ಗುಮಾಸ್ತರ ನೆಗಡಿ ಕಡಿಮೆಯಾಗಿತ್ತು. "ವಿಳಾಸ ಬೇಕಿರ್ಲಿಲ್ವಲ್ಲ" ಎಂದರು. ಆಮೇಲೆ, "ಇದ್ರೆ ತೊಂದ್ರೆ ಏನಿಲ್ಲ" ಎಂದು ಠಪ್ಪನೆ ಮೊಹರು ಒತ್ತಿ, ಏಳನೇ ಪುಟದ ಒಂದು ನಕಲು ತೆಗೆದು ನನಗೆ ಕೊಟ್ಟರು. ಅರ್ಜಿ ಸ್ವೀಕಾರವಾಯಿತು. ಬೆಟ್ಟದಷ್ಟು ಖುಷಿ ಆಗಬೇಕಾದ ಜಾಗದಲ್ಲಿ ಏನೂ ಆಗಲಿಲ್ಲ.

ಮನೆಗೆ ಬಂದಾಗ ಮಧ್ಯಾಹ್ನ ಹನ್ನೆರಡು ದಾಟಿತ್ತು. ಅಮ್ಮ ಕೌಂಟರಿನಲ್ಲಿದ್ದಳು. ನಾನು ಎಲ್ಲಿಗೆ ಹೋಗಿದ್ದೆ ಎಂದು ಅವಳಿಗೆ ಮಾವ ಹೇಳಿದ್ದಿರಬೇಕು, ಮಂಗಳವಾರದಿಂದ ನನ್ನ ಜೊತೆ ಮಾತಿರಲಿಲ್ಲ. ನಕಲನ್ನು ಅವಳ ಮುಂದೆ ಇಟ್ಟೆ. "ತಗೋ. ನೀನು ಎಳೀಲಿಲ್ಲ, ಅವಳೇ ಎಳೆದ್ಲು. ಮುಗೀತಲ್ಲ?"

ಅಮ್ಮ ಕನ್ನಡಕ ಹಾಕಿಕೊಂಡಳು. ದಿನವೂ ರಿಜಿಸ್ಟರ್ ನೋಡುವ ಹಾಗೆಯೇ ಬೆರಳಿಟ್ಟು ನೋಡಿದಳು: ಹೆಸರು, ಗೆರೆ, ಸಹಿ. ಬೆರಳು ಕೆಳಗಿಳಿಯಿತು. ಅಲ್ಲೇ ನಿಂತಿತು.

"ಈ ವಿಳಾಸ ನೀನು ಹೇಳಿ ಬರೆಸಿದ್ದಾ?"

"ನಾನ್ಯಾಕೆ ಬರೆಸ್ಲಿ? ಬೇಡ ಅಂತ ಬಡ್ಕೊಂಡೆ, ಕೇಳ್ಲಿಲ್ಲ. ಹಳೇ ಅಭ್ಯಾಸ ಅಂದ್ಲು."

ಅಮ್ಮ ಇನ್ನೊಮ್ಮೆ ಓದಿದಳು, ತುಟಿ ಅಲುಗಿಸುತ್ತ, ಬೀದಿಯ ಹೆಸರನ್ನು ಬಾಯಿಪಾಠ ಮಾಡುವವಳ ಹಾಗೆ. ಆಮೇಲೆ ಕೌಂಟರಿನ ಹಲಗೆ ಎತ್ತಿ ಹೊರಗೆ ಬಂದು, ಗೋಡೆಯ ಪಕ್ಕದ ಕಂಬಿಯ ಕೊನೆಯವರೆಗೂ ನಡೆದು, ಹಸಿರು ಕೋಟನ್ನು ಇಳಿಸಿದಳು. ಚೀಟಿ ಬಿಚ್ಚಿ ಜೇಬಿಗೆ ಹಾಕಿಕೊಂಡಳು. ಕಂದು ಕಾಗದ ಹರಡಿ, ಕೋಟಿನ ತೋಳುಗಳನ್ನು ಹಿಂದಕ್ಕೆ ಮಡಿಚಿ, ಸುತ್ತಿ, ದಾರ ಕಟ್ಟಿದಳು. ಆಗ ನನಗೆ ಅರ್ಥವಾಯಿತು. ಐದು ವರ್ಷದಿಂದ ರಿಜಿಸ್ಟರಿನಲ್ಲಿ ಸಹಿಯ ಕೆಳಗೆ ಯಾರೂ ವಿಳಾಸ ಬರೆದಿರಲಿಲ್ಲ, ನಾನು ಮರೆತೇಬಿಟ್ಟಿದ್ದೆ. ಅವರಿಬ್ಬರು ಮರೆತಿರಲಿಲ್ಲ.

ಮಾವ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿದ. "ಏನಮ್ಮ ಇದು, ಮನೆಗೆ ತಲುಪಿಸೋದನ್ನ ನಿಲ್ಲಿಸಿದ್ವಲ್ಲ ನಾವು?"

"ಗಿರಾಕಿ ವಿಳಾಸ ಬರ್ದಿದಾರೆ" ಎಂದಳು ಅಮ್ಮ. "ಐದು ಚಳಿಗಾಲ ಕಣೋ ಅಣ್ಣ. ಐದು ಚಳಿಗಾಲ ಮಗು ಕೋಟಿಲ್ದೆ ಇತ್ತು."

ಅಮ್ಮ ನನ್ನ ಕಡೆ ತಿರುಗಿದಳು. "ಬಸ್ಸು ಎಷ್ಟೊತ್ತಿಗೆ?"

"ಒಂದೂವರೆಗೆ ಒಂದಿದೆ. ಮೂರನೇ ಮಹಡಿ ಅಮ್ಮ, ನಿನ್ನ ಮಂಡಿ..."

"ಅದೇನು ಬೆಟ್ಟಾನಾ? ಚಪ್ಪಲಿ ಹಾಕ್ಕೋ, ನಡಿ."

ಪೊಟ್ಟಣವನ್ನು ಎದೆಗೆ ಅವುಚಿಕೊಂಡು ಅವಳು ಆಗಲೇ ಅಂಗಡಿಯ ಮೆಟ್ಟಿಲಿಳಿದಿದ್ದಳು. ಹಿಂದಿನಿಂದ ಮಾವ ಕೂಗಿದ. "ಗಿರಾಕಿಗಳು ಕೇಳಿದ್ರೆ ಏನು ಹೇಳ್ಲಿ?"

"ಹೊರಗೆ ಹೋಗಿದಾಳೆ, ಬರ್ತಾಳೆ ಅನ್ನು" ಎಂದಳು ಅಮ್ಮ. ನಿಲ್ದಾಣ ಮುಟ್ಟುವವರೆಗೂ ಪೊಟ್ಟಣವನ್ನು ನನ್ನ ಕೈಗೆ ಕೊಡಲಿಲ್ಲ.